ಸಬ್ಸಿಡಿ ಮಾವ

ಸರ್ಕಾರ ಸಬ್ಸಿಡಿಯಲ್ಲಿ ಆನೆ ಕೊಡುತ್ತದೆ ಎಂದರೂ ಹಗರೆಯ ನಮ್ಮ ಸೋದರತ್ತೆಯ ಗಂಡ ಅರ್ಜಿ ಹಾಕಿಯೇ ತೀರುತ್ತಾರೆ! ಗೆಂಡೆಹಳ್ಳಿ ಕಡೆ ಆನೆಗಳು ಅರ್ಜಿಯಿಲ್ಲದೆಯೇ ಬಂದು ಹೋಗುತ್ತವೆ ಎನ್ನುವುದು ಬೇರೆ ಮಾತು.

ಮಾವನ ಜೇಬಿನಲ್ಲಿ ದುಡ್ಡು ಇರಲಿ ಬಿಡಲಿ, ಪಹಣಿಯ ಜೆರಾಕ್ಸು, ಆಧಾರ್ ಕಾರ್ಡು, ಎಂಟು ಪಾಸ್‌ಪೋರ್ಟ್ ಫೋಟೋ ಮಾತ್ರ ಕಾಯಂ. ಬೇಲೂರಿನ ಮದುವೆಯೊಂದರಲ್ಲಿ ಮುಯ್ಯಿ ಕವರ್ ಎಂದುಕೊಂಡು ಮದುಮಗನ ಕೈಗೆ ಪಹಣಿಯ ಕವರನ್ನೇ ಇಟ್ಟು ಬಂದರು. ಜಮೀನೇ ಉಡುಗೊರೆಯಾಗಿ ಬಂತೆಂದು ಆ ಬಡಪಾಯಿ ಎರಡೆರಡು ಸಲ ಕಾಲಿಗೆ ಬಿದ್ದನಂತೆ!

ಹಳೇಬೀಡಿನ ಬಸ್ಸಿನಲ್ಲಿ ಒಮ್ಮೆ ಟಿಕೆಟ್ ಕೇಳಿದ ಕಂಡಕ್ಟರಿಗೆ ಆಧಾರ್ ಕಾರ್ಡು ಹಿಡಿದರು.

"ಫ್ರೀ ಟಿಕೆಟ್ಟು ಹೆಂಗಸ್ರಿಗೆ ಮಾತ್ರ ಯಜಮಾನ್ರೇ!"

"ಗಂಡಸ್ರು ಎಲ್ಲಿ ಅರ್ಜಿ ಹಾಕ್ಬೇಕು, ಅದನ್ನ ಹೇಳಪ್ಪ."

ಇಷ್ಟೆಲ್ಲ ಮಾಡಿದರೂ ಫಲಾನುಭವಿಗಳ ಪಟ್ಟಿಯಲ್ಲಿ ಅವರ ಹೆಸರು ಒಮ್ಮೆಯೂ ಬಂದಿರಲಿಲ್ಲ! ಯಾರಿಗೆ ಪಂಪು, ಯಾರಿಗೆ ಪೈಪು ಎಂದು ಪಟ್ಟಿ ಓದಿ ಊರಿಗೆಲ್ಲ ಸಾರುವುದಷ್ಟೇ ಅವರ ಪಾಲಿಗೆ ಬಂದದ್ದು. ತೊಡಕು ಪಹಣಿಯದು. ಜಮೀನು ಇನ್ನೂ ಮಾವ ಮತ್ತು ಅವರ ಮೂವರು ಅಣ್ಣಂದಿರ ಜಂಟಿ ಹೆಸರಿನಲ್ಲಿತ್ತು. ಪಾಲಿನ ಮಾತೆತ್ತಿದರೆ ಅಣ್ಣಂದಿರಿಗೆ ಒಟ್ಟಿಗೇ ಕಿವಿ ಮಂದವಾಗುತ್ತಿತ್ತು. ಮಕ್ಕಳಿಲ್ಲದವನಿಗೆ ಪಾಲು ಯಾಕೆ, ಕೊನೆಗೆ ನಮ್ಮ ಮಕ್ಕಳಿಗೇ ತಾನೆ ಬರುವುದು ಎಂಬುದು ಅವರ ವಾದ.

ಕಡೆಗೆ ಮಾವ ಸಬ್ಸಿಡಿಯ ಬಲೆಯನ್ನೇ ಬೀಸಿದರು.

"ಪಾಲು ಮಾಡ್ಕೊಡ್ರಣ್ಣ. ಟಿಲ್ಲರ್ ಬತ್ತದೆ, ನಿಮ್ಮ ಹೊಲಾನೂ ಪುಕ್ಕಟೆ ಉತ್ಕೊಡ್ತೀನಿ. ತಲೆಗೊಂದು ಟಾರ್ಪಾಲು ಬೇರೆ!"

ಪುಕ್ಕಟೆ ಎಂದರೆ ಯಾರಿಗೆ ಬೇಡ? ಅಣ್ಣಂದಿರು ನಗುನಗುತ್ತಲೇ ರುಜು ಹಾಕಿದರು. ಮಾವ ತಮ್ಮ ಪಾಲಿನ ಎರಡು ಎಕರೆಯನ್ನು ಮರುವಾರವೇ ಅತ್ತೆಯ ಹೆಸರಿಗೆ ರಿಜಿಸ್ಟರ್ ಮಾಡಿಸಿದರು. ಯಾಕೆಂದು ಕೇಳಿದರೆ, "ಹೆಂಗಸ್ರ ಅರ್ಜಿ ಬೇಗ ಪಾಸಾಯ್ತದೆ ಕಣ್ರೀ!" ಎಂದರು. ಟಿಲ್ಲರು, ಔಷಧಿ ಹೊಡೆಯುವ ಪಂಪಿನ ಆಸೆಗೆ ಹೆಂಡತಿಗೆ ಜಮೀನು ಬರೆದುಕೊಟ್ಟ ಮಹಾನುಭಾವ ಎಂದು ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಟಿಲ್ಲರ್ ಇವತ್ತಿಗೂ ಬಂದಿಲ್ಲ. ಪಂಪು ಮಾತ್ರ ಬಂತು. ಅದನ್ನು ಹೊತ್ತುಕೊಂಡು ಹೊಲದಲ್ಲಿ ನಿಂತ ಫಲಾನುಭವಿಯ ಫೋಟೋ ಇಲಾಖೆಗೆ ಬೇಕು. ಅತ್ತೆ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಬೆನ್ನಿಗೆ ಪಂಪು ಏರಿಸಿ ನಿಂತರು. ಮಾವನೂ ತಲೆ ಬಾಚಿಕೊಂಡು ಪಕ್ಕದಲ್ಲಿ ಹಾಜರ್!

"ನೀವು ಈಚೆ ಬನ್ನಿ ಯಜಮಾನ್ರೇ. ಫಲಾನುಭವಿ ಮಾತ್ರ ನಿಲ್ಬೇಕು," ಎಂದ ಫೋಟೋ ತೆಗೆಯುವವನು.

ಮಾವ ನನ್ನ ಪಕ್ಕಕ್ಕೆ ಬಂದರು. ಛೇಡಿಸದೆ ಬಿಡುತ್ತೇನೆಯೇ? "ಇಷ್ಟು ವರ್ಷ ಒದ್ದಾಡಿ, ಪಟ್ಟೀಲಿ ನಿಮ್ಮ ಹೆಸರೇ ಇಲ್ವಲ್ಲ ಮಾವ!"

"ಮೆಲ್ಲಗೆ ಮಾತಾಡ್ಲಾ," ಎಂದರು. "ಸುಮ್ಕೆ ಪಾಲು ಕೊಡಿ ಅಂದಿದ್ರೆ ಕೊಡೋರಾ? ಹುಚ್ಚ ಅಂದ್ಕೊಂಡು ರುಜು ಹಾಕವ್ರೆ. ನಾಳೆ ನಾನು ಇಲ್ದೇ ಹೋದ್ರೂ, ನಿಮ್ಮತ್ತೇನ ಈ ಹೊಲದಿಂದ ಏಳು ಅನ್ನಕ್ಕೆ ಯಾರಿಗೂ ಹಕ್ಕಿಲ್ಲ."

ಅವರನ್ನು ಆಡಿಕೊಂಡವರಲ್ಲಿ ನಾನೇ ಮೊದಲಿಗ. ನಾಚಿಕೆಯಾಯಿತು. ಕಣ್ಣೂ ತುಂಬಿತು.

ಅತ್ತೆ ಅಲ್ಲಿಂದಲೇ ಕೂಗಿದರು: "ಆಯ್ತೇನ್ರೀ? ನಿಮ್ಮ ಪಂಪು ಇಳಿಸ್ಲಾ?"

"ನಂದಲ್ಲ ಕಣೇ," ಎಂದರು ಮಾವ, "ನಿಂದು!"