ಎಂಬತ್ತು ಗೆಸ್ಟು, ಎಂಬತ್ತು ಮೇಟು

ಶ್ಯಾಮಲಮ್ಮ: ನೂರಾ ಅರವತ್ತು ಜನಕ್ಕೆ ಅಡುಗೆ ಮಾಡು ಅಂತ ಯಾರಪ್ಪ ಹೇಳಿದ್ದು ನಿಂಗೆ?

ವೆಂಕಟರಾಯಪ್ಪ: ಮೇಷ್ಟ್ರೇ ಅಮ್ಮ.

ಚನ್ನಕೇಶವ: ನಾನು ಹೇಳಿದ್ದು ಎಂಬತ್ತು.

(೧೯೮೯ರ ಕೊನೆ. ಚಿಂತಾಮಣಿಯ ಇಂಗ್ಲಿಷ್ ಮೇಷ್ಟ್ರು ಚನ್ನಕೇಶವರ ಮನೆಯಲ್ಲಿ ಮಗಳ ಮಗುವಿಗೆ ನಾಮಕರಣ. ಹಿತ್ತಲಲ್ಲಿ ಎರಡು ಕೊಪ್ಪರಿಗೆ ಅನ್ನ ಆಗಲೇ ಬೆಂದಿತ್ತು. ಪೆರೇಸಂದ್ರದ ಬೀಗರು ಇನ್ನೂ ಬಂದಿರಲಿಲ್ಲ.)

ವೆಂಕಟರಾಯಪ್ಪ: ಬರೀ ಎಂಬತ್ತು ಅನ್ಲಿಲ್ಲ ಸಾರ್. ‘ಗೆಸ್ಟಿಮೇಟು ಎಂಬತ್ತು’ ಅಂದ್ರಿ. ಗೆಸ್ಟು ಎಂಬತ್ತು, ಮೇಟು ಎಂಬತ್ತು. ಬಂದೋರ ಜೊತೇಲಿ ಹೆಂಡ್ರು ಬರಲ್ವಾ?

ಚನ್ನಕೇಶವ: ಗೆಸ್ಟ್ ಅಲ್ಲ ಕಣಪ್ಪ, ಗೆಸ್. ಗೆಸ್ ಅಂದ್ರೆ ಊಹೆ. ಎಸ್ಟಿಮೇಟ್ ಅಂದ್ರೆ ಅಂದಾಜು ಲೆಕ್ಕ. ಎರಡೂ ಸೇರ್ಸಿ ಗೆಸ್ಟಿಮೇಟ್. ಅಮೆರಿಕಾದಲ್ಲಿ ಲೆಕ್ಕದೋರೇ ತಮಾಷೆಗೆ ಕಟ್ಟಿದ ಪದ.

ವೆಂಕಟರಾಯಪ್ಪ: ಗೆಸ್ಸಲ್ಲಿ ‘ಟ’ ಇಲ್ವಲ್ಲ ಸಾರ್?

ಚನ್ನಕೇಶವ: ಅದು ಎಸ್ಟಿಮೇಟಿನ ‘ಟ’.

ವೆಂಕಟರಾಯಪ್ಪ: ನಂಗೆ ಗೆಸ್ಟಿನ ‘ಟ’ ಥರ ಕೇಳಿಸ್ತು.

ಶ್ಯಾಮಲಮ್ಮ: ಎಲೆಕ್ಷನ್ ದಿವ್ಸ ಟೀವೀಲಿ ಕೇಳಿದಾಗ್ನಿಂದ ಇವ್ರಿಗೆ ಅದೇ ಪದ. ಏನ್ರೀ, ಲೆಕ್ಕ ಹಾಕಿದ್ರಾ ನೀವು?

ಚನ್ನಕೇಶವ: ಸುಮಾರಾಗಿ.

ಶ್ಯಾಮಲಮ್ಮ: ಕೂತ್ಕೊಂಡು ಹಾಕಿದ್ರಾ?

ಚನ್ನಕೇಶವ: ಸ್ನಾನ ಮಾಡ್ತಾ ಹೊಳೀತು.

ಶ್ಯಾಮಲಮ್ಮ: ಹಂಗಾದ್ರೆ ಎಸ್ಟಿಮೇಟು ಎಲ್ಲಿ ಬಂತು? ಬರೀ ಗೆಸ್ಸೇ ಅದು. ಇಷ್ಟು ಅನ್ನ ಈಗ ಯಾರ ತಲೆ ಮೇಲೆ ಸುರಿಯೋಣ?

(ಅಷ್ಟರಲ್ಲಿ ಬೀದಿಯಲ್ಲಿ ಹಾರನ್ ಕೇಳಿಸಿತು. ವ್ಯಾನಿನಲ್ಲಿ ಬರಬೇಕಿದ್ದ ಬೀಗರು ಬಸ್ಸಿನಲ್ಲಿ ಬಂದಿದ್ದರು. ಬಸ್ಸಿನ ಮೇಲೂ ಜನ. ಅಳಿಯನ ತಾಯಿ ಕದಿರಮ್ಮ ಸಂಕೋಚದಿಂದಲೇ ಇಳಿದರು.)

ಕದಿರಮ್ಮ: ತಪ್ಪು ತಿಳ್ಕೋಬೇಡಿ. ಊರಲ್ಲಿ ಒಬ್ರನ್ನ ಕರ್ದು ಒಬ್ರನ್ನ ಬಿಟ್ರೆ ಮುನಿಸ್ಕೋತಾರೆ. ಎಲ್ರನ್ನೂ ಹತ್ತಿಸ್ಕೊಂಡು ಬಂದ್ಬಿಟ್ವಿ.

ಶ್ಯಾಮಲಮ್ಮ: ಅದಕ್ಕೇನಂತೆ, ಬನ್ನಿ ಬನ್ನಿ. ಮನೆ ನಿಮ್ದೇ.

(ಪಂಕ್ತಿಯ ಮೇಲೆ ಪಂಕ್ತಿ ಎದ್ದಿತು. ಎರಡನೆಯ ಕೊಪ್ಪರಿಗೆಯ ತಳ ಕಾಣುವ ಹೊತ್ತಿಗೆ ಎಲ್ಲರದೂ ಊಟವಾಗಿತ್ತು. ವೆಂಕಟರಾಯಪ್ಪ ಮೇಷ್ಟ್ರ ಕಡೆ ನೋಡಿ ಮೀಸೆಯಲ್ಲೇ ನಕ್ಕ. ಮೇಷ್ಟ್ರು ಚಪ್ಪರದ ಕಂಬವನ್ನು ಪರೀಕ್ಷಿಸತೊಡಗಿದರು.)

ಕದಿರಮ್ಮ: (ಎಲೆ ಅಡಿಕೆ ಮೆಲ್ಲುತ್ತ) ಹೇಳ್ದೆ ಕೇಳ್ದೆ ಇಷ್ಟು ಜನ ಬಂದ್ರೂ ಒಂದಗುಳು ಕಮ್ಮಿ ಆಗ್ಲಿಲ್ಲ. ಹೆಂಗ್ ಗೊತ್ತಾಯ್ತು ಶ್ಯಾಮಲಮ್ಮನೋರೆ?

(ಶ್ಯಾಮಲಮ್ಮ ಒಮ್ಮೆ ಗಂಡನ ಮುಖ ನೋಡಿದರು.)

ಶ್ಯಾಮಲಮ್ಮ: ನಮ್ಮೆಜಮಾನ್ರು ಇಂಗ್ಲಿಷಲ್ಲಿ ಲೆಕ್ಕ ಹೇಳಿದ್ರು. ಕನ್ನಡದಲ್ಲಿ ಹೇಳಿದ್ರೆ ಅರ್ಧ ಜನ ಉಪವಾಸ ಹೋಗ್ತಿದ್ರಿ.