ಉಸಿರು ಬಿಟ್ಟು ಅಳತೆ ಕೊಡಿ

ಮುಂಬೈಯ ಬೈಕುಲ್ಲಾದಲ್ಲಿ ಹೊಲಿಗೆ ಅಂಗಡಿ ಇಟ್ಟವನಿಗೆ ಸಿಟ್ಟು ಬರಬಾರದು ಅಂದರೆ ಹೇಗೆ? ಗುಂಡಿ ಯಾವ ಕಡೆ ಇರುತ್ತದೆಂದು ಗೊತ್ತಿಲ್ಲದವರೂ ಈಗ ಫ್ಯಾಶನ್ನಿನ ಇಂಗ್ಲಿಷ್ ಹೆಸರು ಕಲಿತು ಬರುತ್ತಾರೆ. ವಾರಕ್ಕೊಮ್ಮೆಯಾದರೂ ನನ್ನ ತಲೆ ಕೆಡುತ್ತದೆ.

ಓವರ್‌ಸೈಜ್

ಗೋರೆಗಾಂವ್‌ನ ಆಫೀಸಿನ ಹುಡುಗನೊಬ್ಬ ಓವರ್‌ಸೈಜ್ ಶರ್ಟು ಬೇಕೆಂದ. ಭುಜದ ಹೊಲಿಗೆ ತೋಳಿನ ಮೇಲೆ ಇಳಿಯಬೇಕಂತೆ. ಇಳಿಸಿದೆ. ಮರುದಿನ ಅವನ ತಾಯಿ ಶರ್ಟು ಹಿಡಿದು ಬಂದು, "ಅಳತೆ ತೆಗೆಯಲಿಕ್ಕೆ ಬರುದಿಲ್ವಾ ನಿಮಗೆ?" ಎಂದು ಗಿರಾಕಿಗಳ ಮುಂದೆಯೇ ಬೈದರು. ಬಿಗಿ ಮಾಡಿಕೊಟ್ಟೆ. ಸಂಜೆ ಮಗ ಬಂದ. "ಚಾಚಾ, ಯೇ ಕ್ಯಾ ಕರ್ ದಿಯಾ? ನನಗೆ ಲೂಸ್ ಬೇಕಿತ್ತು!" ಮತ್ತೆ ಬಿಚ್ಚಿ ಹೊಲಿದೆ. ಮೂರನೆಯ ಸಲ ಇಬ್ಬರೂ ಒಟ್ಟಿಗೆ ಬಂದಾಗ ತಡೆಯಲಾಗಲಿಲ್ಲ. "ಮೊದಲ ಮನಿಗೆ ಹೋಗಿ ಜಗಳಾ ಮುಗಿಸ್ಕೊಂಡು ಬರ್ರಿ!" ಎಂದು ಕೂಗಿದೆ. ತಿಂಗಳಾಯಿತು, ಇಬ್ಬರದೂ ಪತ್ತೆ ಇಲ್ಲ. ಶರ್ಟನ್ನು ನಾನೇ ಹಾಕಿ ನೋಡಿದೆ, ಅಳತೆ ಸರಿಯಾಗಿದೆ.

ಸಿಲುಯೆಟ್

ನನ್ನ ಅಂಗಡಿ ನಡೆಯುವುದೇ ಒಬ್ಬ ಉಡುಪಿ ಹೋಟೆಲ್ ಧಣಿಗಳು ಹೊಲಿಸುವ ಯೂನಿಫಾರ್ಮಿನಿಂದ. ಅವರ ಮಗಳು ಫ್ಯಾಶನ್ ಡಿಸೈನ್ ಕಲಿತವಳು. ಮಾಣಿಗಳ ಶರ್ಟಿಗೆ ಜೇಬು ಬೇಡ ಎಂದಳು.

"ಪಾಕೆಟ್ ಇಟ್ರೆ ಸಿಲುಯೆಟ್ ಹಾಳಾಗ್ತದೆ ಅಂಕಲ್." ಅಂದರೆ ತೊಟ್ಟ ಬಟ್ಟೆಯ ಹೊರಗೆರೆಯಂತೆ.

"ಅವರು ಪೆನ್ನು ಎಲ್ಲಿ ಇಡಬೇಕವಾ?"

"ಅದು ಡಿಸೈನ್ ಅಲ್ಲ, ಅವರ ಪ್ರಾಬ್ಲಮ್."

ಹಲ್ಲು ಕಡಿಯುತ್ತ ಇಪ್ಪತ್ತು ಶರ್ಟು ಹೊಲಿದೆ. ಮೊದಲ ದಿನವೇ ಧಣಿಗಳ ಫೋನು. "ಎಂತದು ಮಾರಾಯ್ರೆ ಇದು? ಮಾಣಿಗಳೆಲ್ಲ ಚೀಟಿಯನ್ನು ಕಾಲರಿಗೆ ಸಿಕ್ಕಿಸಿಕೊಂಡಿದ್ದಾರೆ. ಗಿರಾಕಿಯೊಬ್ಬ ಮಾಣಿಯ ಕುತ್ತಿಗೆಯಿಂದಲೇ ಬಿಲ್ಲು ಎಳೆದುಕೊಂಡ!"

ಸ್ಲಿಮ್ ಫಿಟ್

ಅದೇ ಮಗಳ ಮದುವೆ ಬಂತು. ಧಣಿಗಳಿಗೆ ಮೈಗಂಟುವ ಸ್ಲಿಮ್ ಫಿಟ್ ಸೂಟು ಬೇಕಂತೆ. "ಆರತಕ್ಷತೆಯಲ್ಲಿ ಹೊಲಿಗೆ ಬಿಟ್ಟರೆ ಯೂನಿಫಾರ್ಮ್ ಬೇರೆಯವರಿಗೆ, ಈಗಲೇ ಹೇಳಿದ್ದೇನೆ" ಎಂದು ಹೆದರಿಸಿ, ಹೊಟ್ಟೆ ಒಳಗೆಳೆದುಕೊಂಡು ನಿಂತರು. ಟೇಪು ಮೂವತ್ತಾರು ತೋರಿಸಿತು.

"ಉಸಿರು ಬಿಡ್ರೀ."

"ಬಿಟ್ಟೇ ನಿಂತದ್ದು."

ನನಗೆ ಮೈಯೆಲ್ಲ ಉರಿಯಿತು. ಹರಿಯುವುದು ಇವರ ಪ್ಯಾಂಟು, ಬಾಗಿಲು ಹಾಕುವುದು ನನ್ನ ಅಂಗಡಿ! "ನಿಮ್ಮ ಸಾಂಬಾರ ಬರೀ ನೀರಾಗೇತ್ರಿ. ಎದುರಿನ ಹೋಟೆಲಿಂದೇ ಛಲೋ!" ಎಂದುಬಿಟ್ಟೆ.

"ಎಂತ ಹೇಳಿದ್ರಿ?" ಎಂದು ಗುಡುಗಿದರು. ಗುಡುಗುತ್ತ ಹೊಟ್ಟೆ ಒಳಗೆ ಹಿಡಿದುಕೊಳ್ಳಲು ಯಾರಿಂದಲೂ ಆಗುವುದಿಲ್ಲ. ಅದು ತನ್ನ ಜಾಗಕ್ಕೆ ಬಂತು. ನಲವತ್ತೆರಡು. ಬಾಯಿಬಿಡದೆ ಬರೆದುಕೊಂಡು, ಆಮೇಲೆ ಕ್ಷಮೆ ಕೇಳಿದೆ.

ಆರತಕ್ಷತೆಯಲ್ಲಿ ಧಣಿಗಳು ಊಟಕ್ಕೆ ಕೂತರು, ಎರಡು ಸಲ ಪಾಯಸ ಹಾಕಿಸಿಕೊಂಡರು, ಎದ್ದರು. ಒಂದು ಹೊಲಿಗೆಯೂ ಬಿಡಲಿಲ್ಲ. "ನನ್ನ ಸೊಂಟ ಮೂವತ್ತಾರು, ಎಷ್ಟು ಚಂದ ಹೊಲಿದಿದ್ದಾರೆ ನೋಡಿ" ಎಂದು ಬಂದವರಿಗೆಲ್ಲ ಹೇಳಿದರಂತೆ.

ಮರುವಾರ ಆರು ಜನ ಹೋಟೆಲ್ ಧಣಿಗಳು ಒಟ್ಟಿಗೆ ನನ್ನ ಅಂಗಡಿಗೆ ಬಂದು, ಉಸಿರು ಬಿಗಿಹಿಡಿದು ಸಾಲಾಗಿ ನಿಂತರು. ನನ್ನ ಸಿಟ್ಟು ನೆತ್ತಿಗೇರಿತು. ಟೇಪು ಕೈಗೆ ತೆಗೆದುಕೊಂಡು, ಮೊದಲನೆಯವರ ಚಟ್ನಿಯಿಂದ ಬೈಯಲು ಶುರುಮಾಡಿದೆ.