ಒಗ್ಗರಣೆ ಹಾಕದ ಜೋಳ

ಕಳೆ ಕೀಳಿಸಲು ಹೋದವನ ಮರ್ಯಾದೆಯೇ ಬೇರುಸಹಿತ ಕಿತ್ತು ಬರುವ ಪ್ರಸಂಗಗಳಿಗೆ ಬರವಿಲ್ಲ. ಐವತ್ತರ ದಶಕದಲ್ಲಿ ನಾನು ಮೈಸೂರಿನ ಬೇಸಾಯದ ಕಚೇರಿಯೊಂದರಲ್ಲಿ ಹಂಗಾಮಿ ನೌಕರ. ಜೋಳದ ಬೇರಿಗೆ ಮಣ್ಣೊಳಗೇ ಕಚ್ಚಿಕೊಂಡು ರಸ ಹೀರುವ ಕಳೆಯೊಂದಿದೆ. ಅದನ್ನು ತಗ್ಗಿಸಿ ತೋರಿಸಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆಗೆ ನಡಿ ಎಂದಿದ್ದರು ಸಾಹೇಬರು. ಈಗ ವಿಜಯನಗರ ಬಡಾವಣೆಯ ಮನೆಗಳಿರುವ ಕಡೆ ಆಗ ಹೊಲವಿದ್ದ ಗೌಡರೊಬ್ಬರು ನನ್ನ ಪಾಲಿಗೆ ಬಂದರು.

ದೇವರ ಹೂವು

"ಹೂ ಬಿಡುವ ಮುಂಚೆ ಕಿತ್ತು ಸುಡಿ" ಎಂದು ಎಲ್ಲರಿಗೂ ಹೇಳಿದ್ದೆ. ಅಕ್ಕಪಕ್ಕದವರು ಕಾಯಿ ಕಟ್ಟಿದ ಮೇಲೆ ಕಿತ್ತು ಬದುವಿನ ಮೇಲೆ ಹಾಕಿದರು. ಧೂಳಿನಂಥ ಬೀಜ ಹೊಲವೆಲ್ಲ ಉದುರಿತು. ಗೌಡರ ಹೊಲದಲ್ಲಿ ಮಾತ್ರ ಕಳೆಗಿಡ ಹಾಗೇ ಇತ್ತು, ಹೂವು ಒಂದೂ ಇರಲಿಲ್ಲ.

ಸಾಹೇಬರು ನೋಡಿ, "ಕಾಯಿ ಕಟ್ಟೋಕೇ ಬಿಟ್ಟಿಲ್ಲ, ಭೇಷ್! ಯಾರಮ್ಮ ಹೇಳಿಕೊಟ್ಟಿದ್ದು?" ಎಂದರು. ನಾನು ಎದೆ ಉಬ್ಬಿಸಿದೆ.

"ಯಾರೂ ಇಲ್ಲ ಬುಡಿ. ದಿನಾ ಬಿಡಿಸಿ ದೇವ್ರಿಗೆ ಏರಿಸ್ತಿದ್ದೆ" ಎಂದ ಗೌಡರ ಹೆಂಡತಿ ನನ್ನತ್ತ ಕೈ ತೋರಿಸಿದರು. "ಇವರು ಗಿಡಾನೇ ಕೀಳಿ ಅಂತಿದ್ರು. ಪೂಜೆಗಾಗೋ ಹೂವಿನ ಗಿಡಾನ ಯಾರಾದ್ರೂ ಕೀಳ್ತಾರಾ?"

ನೆಂಟರ ಮೂಗು

ಆದರೆ ಕಳೆ ಮೇಲೆ ಕಾಣುವಷ್ಟರಲ್ಲೇ ಕೆಳಗೆ ಹೀರಿ ಮುಗಿಸಿತ್ತು. ತೆನೆ ಜೊಳ್ಳು. ಮರುವರ್ಷ ಹೊಸ ತಳಿಯ ಜೋಳ ಒಯ್ದೆ. ಗೌಡರು ಬಿತ್ತಲು ಒಪ್ಪಲಿಲ್ಲ.

"ಕಳೆಯ ಬೀಜ ವರ್ಷಗಟ್ಟಲೆ ಮಲಗಿರುತ್ತೆ. ಜೋಳದ ಬೇರಿನ ರಸ ಸೋಕಿದರೆ ಏಳುತ್ತೆ. ಈ ತಳಿ ಆ ರಸ ಹೆಚ್ಚು ಬಿಡೋದಿಲ್ಲ. ಆದರೂ ಒಂದೆರಡು ಗಿಡ ಬರಬಹುದು" ಎಂದು ಒಂದು ಗಂಟೆ ಕೊರೆದೆ.

"ಒಗ್ಗರಣೆ ಘಮ ಬಂದ್ರೆ ತಾನೆ ನೆಂಟರು ಒಳಕ್ಕೆ ಬರೋದು? ಈ ಜೋಳ ಒಗ್ಗರಣೆನೇ ಹಾಕಲ್ಲ ಅನ್ನಿ. ಬಿತ್ತುವಾ" ಎಂದರು ಗೌಡರು.

ಅಷ್ಟರಲ್ಲಿ ಗೌಡರ ಮನೆಯೊಳಗೆ ಸಾಸಿವೆ ಚಟಪಟ ಎಂದಿತು. ದೇವರಾಜ ಮೊಹಲ್ಲಾದ ಕೋಣೆಯಲ್ಲಿದ್ದು ಹೋಟೆಲ್ ಅನ್ನ ತಿನ್ನುವ ನಾನು ಹೊಲ ನೋಡಲು ಬರುತ್ತಿದ್ದದ್ದು ಯಾವಾಗಲೂ ಊಟದ ಹೊತ್ತಿಗೇ. ಹೊರಟವನು ಮತ್ತೆ ಕೂತೆ.

ಕಾಯಂ

ಬೆಳೆ ಗೆದ್ದಿತು, ಕಳೆ ಅಲ್ಲೊಂದು ಇಲ್ಲೊಂದು. ಕೆಲಸ ಕಾಯಮಾಯಿತು. ಸಿಹಿ ಕಟ್ಟಿಸಿಕೊಂಡು ಗೌಡರ ಮನೆಗೆ ಸೈಕಲ್ ತುಳಿದೆ. ಅಭ್ಯಾಸಬಲ, ತಲುಪಿದಾಗ ನಡುಮಧ್ಯಾಹ್ನ. ಎಲೆ ಹಾಕಿದರು. ಸಾರಿನಲ್ಲಿ ಸಾಸಿವೆಯೂ ಇಲ್ಲ, ಕರಿಬೇವೂ ಇಲ್ಲ.

"ಒಗ್ಗರಣೆ ಮರೆತ್ರಾ ಅವ್ವ?"

"ಮರೀಲಿಲ್ಲ ಕಣಪ್ಪ. ಘಮ ಬರದಿದ್ರೆ ಯಾವ್ದೂ ಹತ್ರ ಸುಳಿಯಲ್ಲ ಅಂದ್ರಲ್ಲ, ಮನೇಲೂ ಒಸಿ ನೋಡುವಾ ಅಂತ."

ತಲೆ ಎತ್ತದೆ ಎಲೆಯಲ್ಲಿದ್ದ ಮುದ್ದೆ ಮುಗಿಸಿದೆ. ಗೌಡರು ನನ್ನ ಖಾಲಿ ಎಲೆ ನೋಡಿ ಹೆಂಡತಿಗೆ ಹೇಳಿದರು:

"ಅಂಗೂ ಒಂದೆರಡು ಬಂದೇ ಬತ್ತವೆ ಅಂತಾನೂ ಏಳಿದ್ರು ಕಣಮ್ಮಿ. ಇನ್ನೊಂದು ಮುದ್ದೆ ಹಾಕು."